ಲೋಕಣ್ಣನ ಬಲಗೈ

ಗೊಂಬೆಗೆ ಸ್ನಾನ ಮಾಡಿಸಬೇಕೆಂದು ವಾಚ್‌ಮನ್ ನೋಣಯ್ಯನಿಗೆ ಯಾರೂ ಹೇಳಿರಲಿಲ್ಲ. ಫಿಲಿಪೈನ್ಸ್‌ನ ನರ್ಸಿಂಗ್ ಕಾಲೇಜಿನಿಂದ ಅತಿಥಿ ಬರುತ್ತಾರೆ, ಮೂಡುಬಿದಿರೆಯ ಮರ್ಯಾದೆ ಹೋಗಬಾರದು ಎಂದು ಅವನಾಗಿಯೇ ನರ್ಸಿಂಗ್ ಹುಡುಗಿಯರು ಕಲಿಯುವ ಲ್ಯಾಬಿನ ರೋಗಿ ಗೊಂಬೆಯನ್ನು ಹಂಡೆಯ ಬಿಸಿನೀರಿನಲ್ಲಿ ಮೀಯಿಸಿದ. ಅದರ ಬಲಗೈ ಕಳಚಿ ಬಂತು.

"ಗೊಂಬೆ ಇಲ್ಲದಿದ್ರೆ ಮನುಷ್ಯ ಆಗ್ತದೆ," ಎಂದರು ಪ್ರಿನ್ಸಿಪಾಲ್ ಶಶಿಪ್ರಭಾ ಮೇಡಂ. "ಡ್ರೈವರ್ ಲೋಕನಾಥರನ್ನು ಮಲಗಿಸುವ. ಅತಿಥಿ ಬಿಪಿ ನೋಡಿ ಮಕ್ಕಳಿಗೆ ತೋರಿಸಿದ್ರೆ ಸಾಕು."

ಲೋಕನಾಥ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ. ಹುಡುಗಿಯರು ಅಭ್ಯಾಸಕ್ಕೆಂದು ಬಿಪಿ ಪಟ್ಟಿ ಸುತ್ತದ ತೋಳು ಆ ಕಾಲೇಜಿನಲ್ಲಿ ಅವನದೊಂದೇ ಇತ್ತು. ಹಾಲು ತರುವವನನ್ನೂ ಅವರು ಬಿಟ್ಟಿರಲಿಲ್ಲ. ನೋಣಯ್ಯ ಹಿಂದೆ, ಲೋಕನಾಥ ಈಗ ಓಡಿಸುವ ಇದೇ ಕಾಲೇಜು ಬಸ್ಸಿನ ಡ್ರೈವರ್. ಇಂಥದೇ ಅಭ್ಯಾಸದಲ್ಲಿ ಪ್ರೆಶರ್ ಹೆಚ್ಚೆಂದು ಗೊತ್ತಾಗಿ ಅವನನ್ನು ಬಸ್ಸಿನಿಂದ ಇಳಿಸಿ ಗೇಟಿಗೆ ಹಾಕಿದ್ದರು. ಲೋಕನಾಥನಿಗೆ ಹೆಂಡತಿ ತೀರಿಹೋದ ಮೇಲೆ ಬೆಳಿಗ್ಗೆ ಏಳಲು ಉಳಿದ ಕಾರಣ ಆ ಬಸ್ಸೊಂದೇ. ಬಂಟ್ವಾಳದಿಂದ ಮಕ್ಕಳ ಗಲಾಟೆ ಕೇಳುತ್ತಾ ಬರುವಷ್ಟು ಹೊತ್ತು ಅವನು ಒಂಟಿಯಲ್ಲ.

"ನನಗೆ ಡೀಸೆಲ್ ಹಾಕಿಸ್ಲಿಕ್ಕೆ ಉಂಟು ಮೇಡಂ."

"ನಿನ್ನೆ ಹಾಕಿಸಿದ್ದಲ್ವಾ?"

ಅವನು ಹೋಗಿ ಬಸ್ಸಿನ ಹಿಂದಿನ ಸೀಟಿನಡಿ ಅಡಗಿದ. ನೋಣಯ್ಯ ಹುಡುಕಿ ಎಳೆದ.

"ಎಂತ ಹೆದರುವುದು ಮಾರಾಯ? ಗೇಟಲ್ಲಿ ಇನ್ನೊಂದು ಕುರ್ಚಿ ಉಂಟು."

ಅಡುಗೆಯ ಸೇಸಮ್ಮ ಒಂದು ಗಡ್ಡೆ ಬೆಳ್ಳುಳ್ಳಿ ತಂದು ಕೊಟ್ಟಳು. "ಜಗಿ ಮಗಾ, ಪ್ರೆಶರ್ ಇಳೀತದೆ." ಜಗಿದ. ಪ್ರೆಶರಿನ ಸಂಗತಿ ದೇವರಿಗೇ ಗೊತ್ತು, ಕಣ್ಣೀರಂತೂ ಇಳಿಯಿತು. ಅಳುತ್ತಾ ಬಂದು ಮಂಚದ ಮೇಲೆ ಮಲಗಿದವನನ್ನು ಕಂಡು ಹುಡುಗಿಯರು ಸಾವಿನ ಮನೆಗೆ ಬಂದವರಂತೆ ತಲೆ ತಗ್ಗಿಸಿ ನಿಂತರು.

ಅತಿಥಿ ಮಾರಿಸೆಲ್ ಮೇಡಂ ಬೆಳ್ಳುಳ್ಳಿ ವಾಸನೆಗೆ ಮುಖ ತಿರುಗಿಸಲಿಲ್ಲ. ಬಿಪಿ ಮೆಷಿನ್ ಬದಿಗಿಟ್ಟು, ಕುರ್ಚಿ ಎಳೆದು ಕೂತು, ಅವನ ಕೈ ಹಿಡಿದು ಇಂಗ್ಲಿಷಿನಲ್ಲಿ ಏನೋ ಕೇಳಿದರು. ವಿದ್ಯಾರ್ಥಿನಿ ಝೈನಬ್ ಕನ್ನಡದಲ್ಲಿ ಹೇಳಿದಳು: "ಅವರ ಕಾಲೇಜಲ್ಲಿ ಮೊದಲು ರೋಗಿಯ ಹತ್ರ ಕೂತ್ಕೊಳ್ಳಿಕ್ಕೆ ಕಲಿಸ್ತಾರಂತೆ. ಮೆಷಿನ್ ಆಮೇಲೆ. ನಿಮ್ಮ ಊಟ ಆಯ್ತಾ ಅಂತ ಕೇಳ್ತಿದ್ದಾರೆ ಲೋಕಣ್ಣ."

ಹಾಗೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ! ಲೋಕನಾಥ ಝೈನಬ್ ಕಡೆ ತಿರುಗಿದ.

"ಆಯ್ತು ಅಂತ ಹೇಳು. ಈಗ ಒಬ್ಬನೇ ಉಣ್ಣುವುದು ಅಂತಲೂ ಹೇಳು."

ಆಕೆ ತುಂಬ ಹೊತ್ತು ಕೈ ಬಿಡಲಿಲ್ಲ. ಈಗ ಅವನ ಕಣ್ಣಲ್ಲಿ ಬಂದದ್ದು ಬೆಳ್ಳುಳ್ಳಿಯ ನೀರಲ್ಲ. ಆಮೇಲೆ ತೋಳಿಗೆ ಪಟ್ಟಿ ಸುತ್ತಿದರು. ಪಟ್ಟಿ ಬಿಗಿಯುತ್ತಿದ್ದಂತೆ ಲೋಕನಾಥ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಬಸ್ಸಿಗೆ ಕೈಮುಗಿದ.

"ನಾರ್ಮಲ್ ಲೋಕಣ್ಣ! ಪೂರಾ ನಾರ್ಮಲ್!" ಝೈನಬ್ ಕುಣಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಲೋಕನಾಥ ಮಂಚದಿಂದ ಹಾರಿ ಕಿಸೆಯಲ್ಲಿದ್ದ ಬಸ್ಸಿನ ಕೀಲಿಕೈ ಮುಟ್ಟಿ ನೋಡಿಕೊಂಡ.

ಸಂಜೆ ಪ್ರಿನ್ಸಿಪಾಲ್ ಕರೆಸಿದರು. ಅವರ ಮುಖ ಅರಳಿತ್ತು.

"ಇಂಥ ಒಳ್ಳೆ ರೋಗಿಯನ್ನು ಮಾರಿಸೆಲ್ ಮೇಡಂ ಎಲ್ಲಿಯೂ ನೋಡ್ಲಿಲ್ಲವಂತೆ. ಗೊಂಬೆಯ ಹತ್ರ ಮಾತಾಡ್ಲಿಕ್ಕೆ ಆಗ್ತದಾ? ಮಕ್ಕಳು ಜೀವ ಇರುವವರ ಹತ್ರವೇ ಕಲೀಬೇಕಂತೆ. ನಾಳೆಯಿಂದ ಗೊಂಬೆಯ ಬದಲು ನೀವೇ ಲ್ಯಾಬಲ್ಲಿ ಮಲಗಿ. ಸಂಬಳ ಮೊದಲಿನಷ್ಟೇ."

"ಮತ್ತೆ ಬಸ್ಸು?"

"ಅದಕ್ಕೆಂತ? ಬೇರೆಯವರು ಸಿಗ್ತಾರೆ. ಕೀ ಇಲ್ಲಿ ಇಡಿ."

ಲೋಕನಾಥ ಕೀಲಿಕೈ ಮೇಜಿನ ಮೇಲಿಟ್ಟು ಹೊರಗೆ ಬಂದ. ಗೇಟಿನಲ್ಲಿ ನೋಣಯ್ಯ ಎರಡನೇ ಕುರ್ಚಿ ಒರೆಸಿಟ್ಟು ಕಾಯುತ್ತಿದ್ದ. ಸಂಗತಿಯೆಲ್ಲ ಕೇಳಿ, ಲೋಕನಾಥನ ಬಲಗೈಯನ್ನು ಗಂಭೀರವಾಗಿ ನೋಡಿದ.

"ಹಾಗಾದ್ರೆ," ಎಂದ, "ನಾಳೆ ನಿನಗೂ ಬಿಸಿನೀರು ಕಾಯಿಸ್ಬೇಕಾ?"