ಸಾಹುಕಾರರ ಸ್ಟುಡಿಯೋದಲ್ಲಿ ಮೂರು ದಿನ

ಮನೆಯಲ್ಲೇ ಸಂಗೀತದ ಸ್ಟುಡಿಯೋ ಕಟ್ಟಿಕೊಡುವುದು ನನ್ನ ಕಸುಬು. ಹಾವೇರಿ, ರಾಣೆಬೆನ್ನೂರು ಎಲ್ಲಿ ಹೋದರೂ ವೈರು ಜೋಡಿಸಲು ಒಂದು ತಾಸು ಸಾಕು, ಮನೆಯವರ ಸಲಹೆ ಕೇಳಲು ಎರಡು ದಿನ ಬೇಕು. ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರರಲ್ಲಿ ಮೂರು ದಿನ ಹಿಡಿಯಿತು. ಭಜನಾ ಮಂಡಳಿಯಲ್ಲಿ ಮುಂದೆ ಕೂತು ಹಾಡಬೇಕೆಂಬುದು ಅವರ ಬಹುಕಾಲದ ಆಸೆ. ಮಂಡಳಿಯವರು, “ಒಂದು ಹಾಡು ರೆಕಾರ್ಡ್ ಮಾಡಿ ಕಳಸ್ರಿ, ನೋಡೋಣು” ಅಂದಿದ್ದರಂತೆ. ಅದಕ್ಕೆ ಮೊಬೈಲು ಸಾಕಿತ್ತು. ಸಾಹುಕಾರರು ಸ್ಟುಡಿಯೋವನ್ನೇ ತರಿಸಿದರು.

ಕಿವಿಯ ಮಟ್ಟ

ಸ್ಪೀಕರುಗಳು ಕೂತವರ ಕಿವಿಯ ಮಟ್ಟಕ್ಕಿರಬೇಕು. ಹಾಗೇ ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಎರಡೂ ಸೂರಿಗೆ ಹತ್ತಿ ಕೂತಿದ್ದವು.

“ನಮ್ಮ ಗುಡಿಯಾಗ ಬೇವಿನ ಗಿಡದ ತುದಿಗೆ ಕಟ್ಟೇವಿ. ಊರಿಗೆಲ್ಲಾ ಕೇಳತೈತಿ,” ಎಂದರು ಸಾಹುಕಾರರು.

“ಸಾಹುಕಾರ್ರ, ಇವು ಊರಿಗಲ್ರಿ, ನಿಮಗ ಕೇಳಾಕ.”

“ನನಗ ಕೇಳಾಕ ಸ್ಪೀಕರ್ ಯಾಕ ಬೇಕು ತಮ್ಮಾ? ಹಾಡಾಂವನ ನಾನು!”

ಎರಡು ಪರದೆ

ಕಂಪ್ಯೂಟರಿನ ಒಂದು ಪರದೆ ಹಾಡು ತಿದ್ದಲು. ಇನ್ನೊಂದರಲ್ಲಿ ದನಿ ಹಸಿರು ಗೆರೆಯಾಗಿ ಏರಿಳಿಯುತ್ತದೆ. ಸಾಹುಕಾರರ ತಾಯಿ ಧಾರಾವಾಹಿ ಬರುತ್ತದೆಂದು ನಂಬಿ ಎರಡನೆಯದರ ಮುಂದೆ ಕುರ್ಚಿ ಹಾಕಿಸಿಕೊಂಡರು. ಮಗ ಮೈಕಿಗೆ ಒಂದು ಸಾಲು ಹಾಡಿ, ದಮ್ಮು ತೆಗೆದುಕೊಳ್ಳಲು ನಿಲ್ಲಿಸಿದರು. ಗೆರೆ ಸಪಾಟಾಯಿತು.

ದವಾಖಾನೆಯಲ್ಲಿ ಇಂಥ ಗೆರೆ ಕಂಡಿದ್ದ ಆ ತಾಯಿ ಪರದೆ ಬಿಟ್ಟು ಕಣ್ಣು ಕದಲಿಸದೆ ಎದೆ ಬಡಿದುಕೊಂಡರು: “ಹ್ವಾದ್ನಲ್ಲೋ ನನ್ನ ಮಗಾ!”

ಮಗ ಪಕ್ಕದಲ್ಲೇ ನಿಂತು ನೀರು ಕುಡಿಯುತ್ತಿದ್ದರು.

ಮೆತ್ತನೆಯ ವಸ್ತು

ಹಾಡಿದರೆ ಕೋಣೆ ಪ್ರತಿಧ್ವನಿಸಿ ಗುಂಯ್‌ಗುಡುತ್ತಿತ್ತು. “ಮೂಲ್ಯಾಗ ದಪ್ಪಂದು, ಮೆತ್ತಂದು ಏನರ ಇಡಸ್ರಿ,” ಎಂದು ಹೇಳಿ ಬಂದೆ. ನನ್ನ ಮನಸ್ಸಿನಲ್ಲಿದ್ದದ್ದು ಗಾದಿ. ಮರುದಿನ ನೋಡಿದರೆ ನಾಲ್ಕೂ ಮೂಲೆಗೆ ಮೆಣಸಿನಕಾಯಿ ಚೀಲ! ಸುಳ್ಳು ಹೇಳಬಾರದು, ಗುಂಯ್ ಪೂರ್ತಿ ನಿಂತಿತ್ತು. ಹಾಡೂ ನಿಂತಿತು. ಸಾಹುಕಾರರು ಬಾಯಿ ತೆರೆದು ಉಸಿರೆಳೆದದ್ದೇ ತಡ, ಘಾಟು ಒಳಹೊಕ್ಕು ಹತ್ತು ನಿಮಿಷ ನಾವಿಬ್ಬರೂ ಕೆಮ್ಮಿದೆವು.

ಕಣ್ಣೊರೆಸಿಕೊಂಡು ಅವರು ಹೇಳಿದ್ದು: “ಬ್ಯಾಡಗಿ ಕಾಯಿಗೆ ಬರೇ ಬಣ್ಣ, ಖಾರ ಇಲ್ಲ ಅಂತಾರ ಹೊರಗಿನ ವ್ಯಾಪಾರಸ್ತರು. ಈ ಕೆಮ್ಮು ರೆಕಾರ್ಡ್ ಆಗೇತೇನು? ಅವರಿಗೆ ಕಳಸೂಣು.”

ಖರೇ ಮಾತು

ಮೂರನೇ ದಿನ ಗಾದಿ ಬಂದವು, ಹಾಡು ಮುಗಿಯಿತು. ಸ್ಪೀಕರುಗಳನ್ನು ಸೂರಿನಿಂದ ಕಿವಿಯ ಮಟ್ಟಕ್ಕೆ ಇಳಿಸಿ, ಸಾಹುಕಾರರನ್ನು ನಡುವೆ ಕೂರಿಸಿ ಕೇಳಿಸಿದೆ. ಮೊದಲ ಸಾಲಿಗೆ ಅವರ ನಗು ಹೋಯಿತು. ಎರಡನೆಯದಕ್ಕೆ ಬಣ್ಣವೂ ಹೋಯಿತು. ಶ್ರುತಿ ಒಂದು ಕಡೆ, ಸಾಹುಕಾರರು ಇನ್ನೊಂದು ಕಡೆ. ಇಷ್ಟು ವರ್ಷದ ಆಸೆ ಮುಖದಲ್ಲೇ ಇಳಿಯುವುದನ್ನು ಕಂಡು ನನಗೆ ನಿಜಕ್ಕೂ ಕೆಟ್ಟದೆನಿಸಿತು.

“ತಮ್ಮಾ, ಈ ಸ್ಪೀಕರ್ ಅಪಸ್ವರ ಹಾಡಾಕತ್ತಾವ. ಬದಲಿ ಮಾಡು,” ಎಂದರು ಸಣ್ಣ ದನಿಯಲ್ಲಿ.

“ಸ್ಟುಡಿಯೋ ಸ್ಪೀಕರ್ ಇದ್ದದ್ದನ್ನ ಇದ್ದಂಗ ಹೇಳತಾವ್ರಿ. ಅದಕ್ಕ ಇವಕ್ಕ ಇಷ್ಟು ರೊಕ್ಕ.”

ಅಷ್ಟರಲ್ಲಿ ಚಹಾ ತಂದ ಸಾಹುಕಾರರ ಹೆಂಡತಿ ಕಪ್ಪು ನನ್ನ ಕೈಗಿಟ್ಟು ಎರಡೂ ಸ್ಪೀಕರುಗಳನ್ನು ಮೇಲೆ ಕೆಳಗೆ ನೋಡಿದರು.

“ಇದನ್ನ ಮೂವತ್ತು ವರ್ಷದಿಂದ ನಾ ಫುಕಟ ಹೇಳಾಕತ್ತೇನ್ರಿ. ಕರೆಂಟ್ ಸೈತ ಬೇಕಾಗಿರಲಿಲ್ಲ!”