ಹನ್ನೊಂದು ಸಾಲಿನ ತಾಳಿಕೋಟೆ ಯುದ್ಧ

ಬರವಣಿಗೆಯ ವಿಷಯದಲ್ಲಿ ನನ್ನ ಹೆಂಡತಿಗೆ ಹೊರಗಿನವರ ಪಾಠ ಬೇಕಾಗುವುದಿಲ್ಲ ಎಂದು ನಾನು ಮದುವೆಗೆ ಮೊದಲೇ ತೀರ್ಮಾನಿಸಿದ್ದೆ. ಬೆಳಗಾವಿಯ ಒಂದು ದಿನಪತ್ರಿಕೆಯಲ್ಲಿ ನಾನು ಉಪಸಂಪಾದಕ. ತಾಲೂಕಿನ ವರದಿಗಾರರು ಆರು ಪುಟ ಬರೆದು ಕಳಿಸಿದ್ದನ್ನು ಆರು ಸಾಲಿಗೆ ಇಳಿಸುವುದು ನನ್ನ ಕಸುಬು. ಇಂಥ ಗಂಡ ಮನೆಯಲ್ಲೇ ಇರುವಾಗ ಬಿ.ಎ. ಪರೀಕ್ಷೆ ಯಾವ ಲೆಕ್ಕ!

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಸುಮಂಗಲಾ ಖಾನಾಪುರದವಳು. ಅಲ್ಲಿಯ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿರುವಾಗ ನಮ್ಮ ಮದುವೆಯಾಯಿತು. ನನ್ನ ಮಾವ ಭತ್ತದ ವ್ಯಾಪಾರಿ, ಮಿತಭಾಷಿ. ಸಂಬಂಧ ಗಟ್ಟಿಯಾಗುವ ದಿನ ಅವರು ಹಾಕಿದ ಕರಾರು ಒಂದೇ: ಮಗಳ ಡಿಗ್ರಿ ಮುಗಿಯಬೇಕು. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಆಕೆ. ನಾನು ಕೂಡಲೇ ಒಪ್ಪಿದೆ. ಎರಡನೆಯ ವರ್ಷದ ಪರೀಕ್ಷೆಯನ್ನು ಖಾನಾಪುರದಲ್ಲಿ ಬರೆದು, ಕೊನೆಯ ವರ್ಷಕ್ಕೆ ಬೆಳಗಾವಿಯ ಕಾಲೇಜಿಗೆ ವರ್ಗವಾಗುವುದು ಎಂದು ನಿಶ್ಚಯವಾಯಿತು.

ವಡಗಾವಿಯ ನಮ್ಮ ಬಾಡಿಗೆ ಮನೆಯ ಎರಡೂ ಪಕ್ಕದಲ್ಲಿ ಮಗ್ಗಗಳು. ಆ ಸಪ್ಪಳದ ನಡುವೆ ನಾನು ಆಕೆಗೆ ಅವಳ ಮುಖ್ಯ ವಿಷಯವಾದ ಇತಿಹಾಸ ಕಲಿಸತೊಡಗಿದೆ. ಇತಿಹಾಸವೆಂದರೆ ಹಳೆಯ ಸುದ್ದಿ ತಾನೆ? ಮುಖ್ಯ ವಿಷಯ ಮೊದಲ ವಾಕ್ಯದಲ್ಲೇ ಬರಬೇಕು. ಯಾರು, ಎಲ್ಲಿ, ಯಾವಾಗ, ಏಕೆ ಎಂಬುದೆಲ್ಲ ಮೊದಲ ಪ್ಯಾರಾದಲ್ಲಿ ಮುಗಿಯಬೇಕು. ಖಚಿತವಿಲ್ಲದ್ದನ್ನು ಬರೆಯಬಾರದು, ಬರೆಯಲೇಬೇಕಾದರೆ ಖಚಿತವಿಲ್ಲ ಎಂದು ಬರೆಯಬೇಕು. ಆಕೆ ತಾಳಿಕೋಟೆ ಯುದ್ಧದ ಬಗ್ಗೆ ಏಳು ಪುಟ ಬರೆದು ತಂದಳು. ನಾನು ಕೆಂಪು ಪೆನ್ಸಿಲು ಹಿಡಿದೆ. ಹನ್ನೊಂದು ಸಾಲು ಉಳಿಯಿತು.

“ಉಳಿದದ್ದು ಎಲ್ಲಿ ಹೋತ್ರಿ?” ಎಂದಳು.

“ಅದು ಬ್ಯಾಡ. ಓದೋರಿಗೆ ಅಷ್ಟ ಪುರುಸೊತ್ತು ಇರೂದಿಲ್ಲ.”

“ಪೇಪರ್ ತಪಾಸ್ ಮಾಡೋರಿಗೆ ರೊಕ್ಕಾ ಕೊಡ್ತಾರಲ್ರಿ. ಓದ್ತಾರ.”

ಅನುಭವವಿಲ್ಲದವರ ವಾದ ಎಂದು ನಾನು ನಕ್ಕುಬಿಟ್ಟೆ. ಆಕೆ ಆ ಹನ್ನೊಂದು ಸಾಲನ್ನೇ ಬಾಯಿಪಾಠ ಮಾಡತೊಡಗಿದಳು. ಹೊಸ ಹೆಂಡತಿ, ಗಂಡ ಪೇಪರಿನವನು, ಇವನಿಗೆ ತಿಳಿದಿರಬಹುದು ಎಂದುಕೊಂಡಿರಬೇಕು.

ಪರೀಕ್ಷೆಗೆ ತವರಿಗೆ ಹೋಗಿ ಬರೆದು ಬಂದಳು. ಉಳಿದ ಹುಡುಗಿಯರೆಲ್ಲ ಮೇಲಿಂದ ಮೇಲೆ ಹೆಚ್ಚಿನ ಹಾಳೆ ಇಸಿದುಕೊಂಡು ದಾರದಿಂದ ಕಟ್ಟುತ್ತಿದ್ದರಂತೆ. ಇವಳು ಒಂದು ತಾಸು ಮೊದಲೇ ಮುಗಿಸಿ ಕೈಕಟ್ಟಿ ಕುಳಿತಿದ್ದಳಂತೆ. ಮೇಲ್ವಿಚಾರಕರು ಎರಡು ಸಲ ಬಂದು, ಆರಾಮ ಇದ್ದೀಯೇನಮ್ಮ ಎಂದು ಕೇಳಿದರಂತೆ. ತಾಳಿಕೋಟೆಗೆ ಏನು ಬರೆದೆ ಎಂದು ವಿಚಾರಿಸಿದೆ. ಬಾಯಿಪಾಠ ಒಪ್ಪಿಸಿದಳು: ವಿಜಯನಗರಕ್ಕೆ ಸೋಲು, ರಾಮರಾಯನ ಮರಣ, ಸಾವುನೋವಿನ ಸಂಖ್ಯೆ ಖಚಿತಪಟ್ಟಿಲ್ಲ, ಹೆಚ್ಚಿನ ವಿವರ ಲಭ್ಯವಿಲ್ಲ. ನನಗೆ ಎದೆ ತುಂಬಿ ಬಂತು. ನೇರವಾಗಿ ಅಚ್ಚಿಗೆ ಕಳಿಸಬಹುದಾದ ಉತ್ತರ!

ಫಲಿತಾಂಶ ಬಂತು. ಇತಿಹಾಸದಲ್ಲಿ ಮೂವತ್ತೇಳು. ಉಳಿದ ವಿಷಯಗಳಲ್ಲಿ ಅರವತ್ತರ ಆಸುಪಾಸು. ಅವನ್ನು ನಾನು ಕಲಿಸಿರಲಿಲ್ಲ.

ಬೆಳಗಾವಿಯ ಕಾಲೇಜಿನ ಗುಮಾಸ್ತರು ವಿಷಯವನ್ನು ಸ್ಪಷ್ಟಪಡಿಸಿದರು. ಹೊರಗಿನಿಂದ ಬರುವವರಿಗೆ ಸೀಟು ಕಡಿಮೆ. ಮುಖ್ಯ ವಿಷಯದಲ್ಲಿ ನಲವತ್ತೈದಕ್ಕಿಂತ ಕಡಿಮೆಯಾದರೆ ಪ್ರಿನ್ಸಿಪಾಲರ ಮರ್ಜಿ. ಮನೆಗೆ ಬಂದು ಹೇಳಿದೆ. ಸುಮಂಗಲಾ ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. ಸೀಟು ಸಿಗದಿದ್ದರೆ ಖಾನಾಪುರದಲ್ಲೇ ಒಂದು ವರ್ಷ ಇದ್ದು ಮುಗಿಸುವುದಾಗಿ ಹೇಳಿ, ಅಕ್ಕಿ ಆರಿಸತೊಡಗಿದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದು ಆರಿಸಿದಳು.

ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಮಗ್ಗಗಳ ಸಪ್ಪಳ ಬಿಟ್ಟರೆ ಬೇರೆ ದನಿಯಿಲ್ಲದ ಮನೆಯನ್ನು ಕಲ್ಪಿಸಿಕೊಂಡೆ. ಸಹಿಸಲಾಗಲಿಲ್ಲ. ಪರಿಸ್ಥಿತಿಯನ್ನು ನಾನೇ ಕೈಗೆತ್ತಿಕೊಳ್ಳಲು ನಿರ್ಧರಿಸಿದೆ. ಪರಿಸ್ಥಿತಿ ಹದಗೆಟ್ಟದ್ದು ಅಲ್ಲಿಂದಲೇ.

ಮರುದಿನ ಆಕೆಗೆ ತಿಳಿಸದೆ ಪ್ರಿನ್ಸಿಪಾಲರನ್ನು ಕಂಡೆ. ಪತ್ರಿಕೆಯ ಹೆಸರು ಹೇಳಿದರೆ ಚಹಾ ಬರುತ್ತದೆ ಎಂಬ ಅನುಭವದ ಮೇಲೆ ಮೊದಲು ಅದನ್ನೇ ಹೇಳಿದೆ. ಅವರು ಮೇಜಿನ ಗಾಜಿನ ಕೆಳಗಿದ್ದ ನಮ್ಮ ಪತ್ರಿಕೆಯ ಒಂದು ತುಣುಕನ್ನು ತೋರಿಸಿದರು. ಅವರು ಭರವಸೆ ಕೊಟ್ಟ ಮೇಲೂ ಅವರ ಕಾಲೇಜಿನ ವಸತಿನಿಲಯಕ್ಕೆ ನೀರಿಲ್ಲದ ಸುದ್ದಿ. ತಲೆಬರಹ: ನಲ್ಲಿಯೂ ಒಣ, ನುಡಿಯೂ ಒಣ.

“ಇದನ್ನ ಯಾರು ಬರದಾರ್ರಿ, ಭಾಳ ಶಾಣ್ಯಾ ಇದ್ದಾರ,” ಎಂದರು.

ಆ ಶಾಣ್ಯಾ ಅವರ ಎದುರಿಗೇ ಕುಳಿತಿದ್ದ. ಗಾಬರಿಯಲ್ಲಿ ನಾನು ವಿಷಯಕ್ಕೆ ಬಂದೆ. ಅಂಕ ಏಕೆ ಕಡಿಮೆ ಎಂದು ಕೇಳಿದರು. ಎರಡು ಕಡೆ ಖಚಿತಪಡಿಸಿಕೊಳ್ಳದೆ ಒಂದು ಸಾಲೂ ಬರೆಯದ ನನ್ನ ಬಾಯಿಂದ, ಪರೀಕ್ಷೆಯ ದಿನ ನನ್ನ ಹೆಂಡತಿಗೆ ವಿಪರೀತ ಜ್ವರ ಎಂಬ ಮಾತು ಹೊರಬಿತ್ತು. ಅವರ ಮುಖ ಮೆತ್ತಗಾಯಿತು. ನಾಳೆ ಅವಳನ್ನು ಕರೆತನ್ನಿ ಎಂದರು. ಕೆಲಸವಾಯಿತು ಎಂದುಕೊಂಡು ಹೊರಬಂದೆ. ಜ್ವರದ ವಿಷಯ ಮನೆಯಲ್ಲಿ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಮರುದಿನ ಬೆಳಿಗ್ಗೆ ಖಾನಾಪುರದ ಬಸ್ಸಿಗೆ ಮಾವ ಬಂದಿಳಿದರು. ಮಗಳ ವರ್ಗಾವಣೆ ಪತ್ರ ತಂದಿದ್ದರು. ಹೆಗಲಲ್ಲಿ ಒಂದು ಚೀಲ ಗೆಣಸು. ನಾನೂ ಬರ್ತೀನಿ ಎಂದರು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಮೂವರೂ ಪ್ರಿನ್ಸಿಪಾಲರ ಎದುರು ಕುಳಿತೆವು.

“ಈಗ ಜ್ವರಾ ಪೂರಾ ಬಿಟ್ಟಾವೇನವಾ?” ಎಂದು ಅವರು ಅಕ್ಕರೆಯಿಂದ ಕೇಳಿದರು.

ಸುಮಂಗಲಾ ನನ್ನ ಕಡೆ ನೋಡಿದಳು. ನಾನು ಗೋಡೆಯ ಗಡಿಯಾರ ನೋಡಿದೆ. ಮಾವ ಮಾತ್ರ ಕುರ್ಚಿಯಿಂದ ಅರ್ಧ ಎದ್ದರು.

“ಜ್ವರಾ ಬಂದಿದ್ದುವೇನವಾ? ನಮ್ಮ ಮನ್ಯಾಗ ಇದ್ದು, ನಿಮ್ಮವ್ವಗೂ ಹೇಳಲಿಲ್ಲಲ್ಲ ನೀನು!” ಎಂದರು. ಅವರ ಕಣ್ಣು ತೇವವಾಗಿತ್ತು. ನನ್ನ ಸುಳ್ಳಿಗೆ ಅಷ್ಟು ಕಳಕಳಿ ನಾನು ನಿರೀಕ್ಷಿಸಿರಲಿಲ್ಲ.

“ಇಲ್ಲಪ್ಪಾ, ಬಂದಿಲ್ಲ,” ಎಂದಳು ಆಕೆ. ಪ್ರಿನ್ಸಿಪಾಲರ ಕಡೆ ತಿರುಗಿ, “ಸರ್, ನಾ ಆರಾಮ ಇದ್ದೆರಿ. ಬರದದ್ದ ಅಷ್ಟು,” ಎಂದಳು.

ಪ್ರಿನ್ಸಿಪಾಲರು ಇತಿಹಾಸದ ಪ್ರಾಧ್ಯಾಪಕರಾಗಿದ್ದವರು. ತಾಳಿಕೋಟೆ ಯುದ್ಧದ ಬಗ್ಗೆ ಹೇಳು ಎಂದರು. ಬೇರೆ ಯುದ್ಧವೇ ಇರಲಿಲ್ಲವೆ! ಆಕೆ ಹನ್ನೊಂದು ಸಾಲು ಹೇಳಿ ನಿಂತಳು.

“ಮುಂದ?”

“ಹೆಚ್ಚಿನ ವಿವರ ಲಭ್ಯ ಇಲ್ರಿ ಸರ್.”

ಹೀಗೆ ಬರೆಯಲು ಯಾರು ಕಲಿಸಿದರು ಎಂದು ಅವರು ಕೇಳಿದರು. ಆಕೆ ಉತ್ತರಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಆ ಮೌನದಲ್ಲಿ ನನ್ನ ಮೇಲಿನ ಮರ್ಯಾದೆಯಿತ್ತು. ಪ್ರಿನ್ಸಿಪಾಲರಿಗೆ ಅದು ಸಾಕಾಯಿತು. ಗಾಜಿನ ಕೆಳಗಿನ ತುಣುಕನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದರು. ಸ್ವಲ್ಪ ಹೊರಗೆ ಕುಳಿತಿರಿ ಎಂದರು. ನನಗೆ ಮಾತ್ರ.

ಅರೆತೆರೆದ ಬಾಗಿಲಿನ ಹೊರಗೆ ಬೆಂಚಿನ ಮೇಲೆ ಕುಳಿತೆ. ಒಳಗೆ ಅವರು, ನಿನಗೆ ಗೊತ್ತಿದ್ದದ್ದನ್ನೆಲ್ಲ ಹೇಳವಾ, ಅವಸರಿಲ್ಲ ಎನ್ನುವುದು ಕೇಳಿಸಿತು. ಸುಮಂಗಲಾ ತಡವರಿಸುತ್ತ ಆರಂಭಿಸಿದಳು. ಆಮೇಲೆ ತಡವರಿಕೆ ಹೋಯಿತು. ಸುಲ್ತಾನರು ಒಂದಾದದ್ದು ಹೇಗೆ, ರಾಮರಾಯ ಆ ವಯಸ್ಸಿನಲ್ಲಿ ಪಲ್ಲಕ್ಕಿಯಲ್ಲಿ ಕುಳಿತು ಯುದ್ಧಕ್ಕೆ ಹೋದದ್ದೇಕೆ, ಸೋತ ಸುದ್ದಿ ಕೇಳಿದ ಊರಿನ ಹೆಂಗಸರು ಏನನ್ನು ಹೊತ್ತು ಓಡಿರಬಹುದು. ಕೊನೆಯದು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಮದುವೆಯಾದ ಮೇಲೆ ಆಕೆ ಇಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಾತಾಡಲು ನಾನು ಬಿಟ್ಟಿರಲೂ ಇಲ್ಲ. ಏಳು ಪುಟದಲ್ಲಿ ಹೆಚ್ಚಿನದು ಇದೇ ಇತ್ತು. ಅದರ ಮೇಲೆ ಕೆಂಪು ಗೆರೆ ಎಳೆದವನು ಬೆಂಚಿನ ಮೇಲಿದ್ದ.

ನನ್ನನ್ನು ಒಳಗೆ ಕರೆದರು.

“ಸೀಟು ಕೊಟ್ಟೀನ್ರಿ. ಒಂದ ಷರತ್ತು. ಈ ವರ್ಷ ನೀವು ಈಕಿಗೆ ಓದಸೂದಿಲ್ಲಂತ ಬರದು ಸಹಿ ಮಾಡ್ರಿ.”

ತಪ್ಪು ಮಾಡುವುದಿಲ್ಲವೆಂದು ವಿದ್ಯಾರ್ಥಿಗಳು ಮುಚ್ಚಳಿಕೆ ಬರೆದುಕೊಡುವುದುಂಟು. ಪಾಲಕನೇ ತನ್ನ ಬಗ್ಗೆ ಬರೆದುಕೊಟ್ಟದ್ದು ಆ ಕಾಲೇಜಿನಲ್ಲಿ ಪ್ರಾಯಶಃ ಅದೇ ಮೊದಲು. ಬರೆದೆ. ಸಹಿ ಮಾಡಿದೆ. ಸುಮಂಗಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳು ಎಂದು ಮಾವ ತಿಳಿದು ಅವಳ ತಲೆ ಸವರಿದರು. ನನಗೆ ಗೊತ್ತಿತ್ತು, ಅದು ನಗು.

ಹೊರಗೆ ಬಂದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆವು. ಮಾವ ನನ್ನ ಪಕ್ಕಕ್ಕೆ ಬಂದು ಹೆಜ್ಜೆ ಹಾಕಿದರು. ಆಮೇಲೆ, ಸಂಬಂಧ ಗಟ್ಟಿಯಾಗುವ ದಿನ ಸಂಕೋಚದಿಂದ ಒಂದು ಮಾತು ಕೇಳುವುದು ಉಳಿದುಹೋಗಿತ್ತು ಎಂದರು.

“ನಿಮ್ಮ ಬಿ.ಎ. ಯಾವ ಕ್ಲಾಸಿನ್ಯಾಗ ಆಗೇತ್ರಿ, ಅಳಿಯಂದ್ರ?”

ಸುಮಂಗಲಾಳ ನಡಿಗೆ ನಿಧಾನವಾಯಿತು. ಆಕೆಯೂ ಇದನ್ನು ಎಂದೂ ಕೇಳಿರಲಿಲ್ಲ.

“ಥರ್ಡ್ ಕ್ಲಾಸ್ರಿ,” ಎಂದೆ.

ಮಾವ ತಲೆದೂಗಿದರು. ಅಳೆದ ಭತ್ತವನ್ನು ವಾಪಸು ಕಳಿಸಲಾಗದು ಎಂಬಂತೆ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಹೆಗಲ ಮೇಲೆ ಕೈಯಿಟ್ಟರು.

“ಇರಲಿ ಬಿಡ್ರಿ. ನಾವೂ ನಿಮ್ಮನ್ನ ಮಾರ್ಕ್ಸ್ ನೋಡದನ ತಗೊಂಡ್ವಿ.”