ದೊಡ್ಡಪ್ಪನ ಹನ್ನೊಂದೂವರೆ ಜೊತೆ ಚಪ್ಪಲಿ

ನಮ್ಮ ದೊಡ್ಡಪ್ಪನಷ್ಟು ಚಪ್ಪಲಿ ಕಳೆದುಕೊಂಡವರು ಸೇಲಂ ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ಲೆಕ್ಕ ಬರೆದಿಟ್ಟ ನನ್ನ ಡೈರಿಯನ್ನೇ ಅವರಿಗೆ ಕೊಟ್ಟುಬಿಡುತ್ತೇನೆ! ತೊಂಬತ್ತಾರರ ಪೊಂಗಲ್ ತನಕ ಹನ್ನೊಂದೂವರೆ ಜೊತೆ. ಅರ್ಧ ಹೇಗೆ ಅನ್ನುತ್ತೀರಾ? ಒಮ್ಮೆ ಎಡಗಾಲಿನದು ಮಾತ್ರ ಹೋಗಿತ್ತು. ನಾಯಿಯ ಕೆಲಸವಿರಬೇಕು.

ಆದದ್ದಿಷ್ಟೆ. ಸೇಲಂ ಬೆಳೆಯುತ್ತ ಬೆಳೆಯುತ್ತ ನಮ್ಮೂರಿಗೇ ಬಂದುಬಿಟ್ಟಿತು. ಜೋಳದ ಹೊಲ ಕಾಲೊನಿಯಾಯಿತು, ಕಡಲೆಕಾಯಿ ಹೊಲದಲ್ಲಿ ಕಲ್ಯಾಣ ಮಂಟಪ ಎದ್ದಿತು. ಊರವರೆಲ್ಲ ರಾಗಿ ಬಡಿಯುತ್ತಿದ್ದ ಕಣದ ಮೇಲೆ ಟಾರು ಸುರಿದು ಬಸ್ ಸ್ಟಾಪ್ ಮಾಡಿದರು. ಕಣಕ್ಕೆ ಚಪ್ಪಲಿ ಮೆಟ್ಟಿ ಹೋಗುವವರುಂಟೇ? ದೊಡ್ಡಪ್ಪನಿಗೆ ಕಣ ಇನ್ನೂ ಕಣವೇ! ಮೂಲೆಯ ಕರೆಂಟ್ ಕಂಬದ ಬುಡದಲ್ಲಿ ಚಪ್ಪಲಿ ಬಿಟ್ಟು, ಕಾದ ಟಾರಿನ ಮೇಲೆ ಕುಣಿಯುತ್ತ ಹೋಗಿ ಬಸ್ಸು ಹತ್ತುತ್ತಿದ್ದ. ಮರಳುವಷ್ಟರಲ್ಲಿ ಅವು ಇನ್ಯಾರದೋ ಕಾಲಿನಲ್ಲಿ ಊರು ಸುತ್ತುತ್ತಿದ್ದವು.

“ಕೈಯಾಗಾದ್ರೂ ಇಡ್ಕೊಂಡ್ ಓಗು ದೊಡ್ಡಪ್ಪ.”

“ಕಣದಾಗೆ ಚಪ್ಪಲಿ ಕಾಲಾಗಿದ್ರೇನು, ಕೈಯಾಗಿದ್ರೇನು ಕೂಸೇ?”

ಒಂದು ಶುಕ್ರವಾರ ಕಾಲೊನಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಇದನ್ನು ನೋಡಿ, ಕಂಬದ ಮುಂದೆ ಭಕ್ತಿಯಿಂದ ನಿಂತು, “ಇದು ಎನ್ನ ಸಾಮಿ, ಪೆರಿಯವರೇ?” ಎಂದು ತಮಿಳಿನಲ್ಲಿ ದೇವರ ಹೆಸರು ಕೇಳಿದಳು.

ದೊಡ್ಡಪ್ಪ ಕೈಮುಗಿದ. “ರಾಗಿ, ಅಮ್ಮಾ.”

ಮುಂದಿನ ಶುಕ್ರವಾರ ಕಂಬಕ್ಕೆ ಅರಿಶಿನ ಕುಂಕುಮ ಬಿದ್ದಿತ್ತು! ಬುಡದಲ್ಲಿ ಆರು ಜೊತೆ ಚಪ್ಪಲಿ; ನಾನೇ ಎಣಿಸಿದೆ. ಆ ದಿನ ಮಾತ್ರ ದೊಡ್ಡಪ್ಪನವು ಉಳಿದವು. ಕಳ್ಳನಿಗೆ ಅವಕ್ಕಿಂತ ಒಳ್ಳೆಯವು ಸಿಕ್ಕಿದ್ದವಲ್ಲ!

ನನಗೋ ನಾಚಿಕೆ. ಗೆಳತಿಯರೆಲ್ಲ ಅದೇ ಸ್ಟಾಪಿನಲ್ಲಿ ನಿಂತು ನಗುತ್ತಿದ್ದರು. ಒಮ್ಮೆ ಸಿಟ್ಟಿನಿಂದ, “ಕಣ ಈಗ ಎಲ್ಲೈತೆ?” ಎಂದು ಕೇಳಿಯೇಬಿಟ್ಟೆ.

“ನನ್ ಕಾಲ್ ಕೆಳಗೈತೆ,” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, “ನಾ ಸತ್ತೋದ್ಮೇಲೆ ಎಲ್ಲಿರ್ತೈತೋ, ಅದೊಂದೇ ನಂಗೆ ಯೋಚ್ನೆ,” ಎಂದ.

ತೊಂಬತ್ತಾರರ ಪೊಂಗಲ್ ಕಳೆದ ಮರುವಾರವೇ ದೊಡ್ಡಪ್ಪನ ಕಣ್ಣಿಗೆ ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ದಪ್ಪ ಪೊರೆ. ಪಟ್ಟಿ ಬಿಚ್ಚಿಸಲು ನಾನೇ ಕೈಹಿಡಿದು ಕರೆದುಕೊಂಡು ಹೊರಟೆ. ದಾರಿ ಕಾಣದಿದ್ದರೂ ಬಾಯಿ ಸುಮ್ಮನಿರಬೇಕಲ್ಲ! ಎದುರಾದ ಆಟೋವನ್ನೂ ಎಮ್ಮೆಯೆಂದು ಬೈಯುತ್ತ ಬಂದ. ಬಸ್ಸು ಬಂದೇಬಿಟ್ಟಿತ್ತು. ಕಂಡಕ್ಟರ್ “ಸೀಕ್ಕಿರಂ ವಾಂಗ!” ಎಂದು ಕೂಗಿ ಅವಸರಪಡಿಸುತ್ತಿದ್ದ. ನನ್ನ ಗೆಳತಿಯರು ಕಿಟಕಿಯಿಂದ ನೋಡುತ್ತಿದ್ದರು.

ಕಂಬದ ಹತ್ತಿರ ನನ್ನ ಕಾಲು ತಾನಾಗಿಯೇ ನಿಂತಿತು.

“ಯಾಕ್ ನಿಂತ್ಕೊಂಡೆ ಕೂಸೇ?”

“ಚಪ್ಪಲಿ ಬಿಡು ದೊಡ್ಡಪ್ಪ. ಕಣ ಬಂತು.”

ನಾನೂ ಬಿಟ್ಟೆ. ದೊಡ್ಡಪ್ಪ ಆಸ್ಪತ್ರೆಯವರೆಗೂ ನನ್ನ ಕೈ ಬಿಡಲಿಲ್ಲ. ಪಟ್ಟಿ ಯಾಕೆ ಒದ್ದೆಯಾಗಿದೆ ಎಂದು ಡಾಕ್ಟರ್ ಬೈದರು.

ಸಂಜೆ ಬಂದು ನೋಡಿದರೆ ಕಂಬದ ಬುಡ ಖಾಲಿ. ಡೈರಿಯಲ್ಲಿ ಹನ್ನೊಂದೂವರೆಯ ಕೆಳಗೆ ಸೇರಿಸಿದೆ: ದೊಡ್ಡಪ್ಪನದು ಒಂದು ಜೊತೆ. ನನ್ನದು ಒಂದು.